ಅರ್ಧ ಗರಸು, ಅರ್ಧ ಎರೆ ಇರುವ ಸೈಟು: ಮನೆ, ಇಂಗುಗುಂಡಿ, ಕೈತೋಟ ಎಲ್ಲೆಲ್ಲಿ?

ಹೊಸಸೈಟು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮನೆ ಕಟ್ಟೋಣ ಅಂತ ಒಂದು ಸೈಟು ತೆಗೆದುಕೊಂಡಿದ್ದೇವೆ. ನೆಲ ಸ್ವಲ್ಪ ಇಳಿಜಾರು. ಮೇಲಿನ ಅರ್ಧ ಕೆಂಪು ಮಣ್ಣು, ಗರಸು ಬೆರೆತದ್ದು, ಗುದ್ದಲಿ ಹಾಕಿದರೆ ಠಣ್ ಅನ್ನುತ್ತದೆ. ಕೆಳಗಿನ ಅರ್ಧ ಕಪ್ಪು ಎರೆ. ಮಳೆ ಬಂದರೆ ಚಪ್ಪಲಿಗೆ ಮೆತ್ತಿಕೊಂಡು ಬಿಡುವುದೇ ಇಲ್ಲ. ಬಿಸಿಲಿಗೆ ಕೈ ಒಳಗೆ ಹೋಗುವಷ್ಟು ಬಿರುಕು ಬಿಡುತ್ತದೆ. ನಮ್ಮ ಪ್ಲಾನ್ ಪ್ರಕಾರ ಮನೆ ಸೈಟಿನ ನಡುವೆ ಬರುತ್ತದೆ, ಅಂದರೆ ಎರಡೂ ಮಣ್ಣಿನ ಮೇಲೆ ಕೂರುತ್ತದೆ. ಒಳಚರಂಡಿ ಇಲ್ಲ, ಹಾಗಾಗಿ ಸೆಪ್ಟಿಕ್ ಟ್ಯಾಂಕು, ಇಂಗುಗುಂಡಿ ಎರಡನ್ನೂ ನಾವೇ ಮಾಡಿಕೊಳ್ಳಬೇಕು. ಕುಡಿಯಲು ಬಾವಿ ನೀರು.

ಈಗ ತಲೆನೋವು ಏನೆಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಐದು ಅಡಿ ಪಾಯ ತೆಗೆದರೆ ಯಾವ ಮಣ್ಣಾದರೂ ನಡೆಯುತ್ತದೆ ಅನ್ನುವುದು ಮೇಸ್ತ್ರಿಯ ವಾದ. ಪ್ಲಂಬರ್ ಕೇಳಿದರೆ ನೀರು ಇಳಿಜಾರಿಗೇ ಹೋಗಬೇಕು, ಇಂಗುಗುಂಡಿ ಕೆಳಗಿನ ಮೂಲೆಯಲ್ಲೇ ಇರಲಿ ಅನ್ನುತ್ತಾರೆ. ಮನೆಯಲ್ಲಿ ಎಲ್ಲರಿಗೂ ಅದೇ ಮೂಲೆಯಲ್ಲಿ ತರಕಾರಿ, ಹಣ್ಣಿನ ಗಿಡ ಬೇಕು. ಕಪ್ಪು ಮಣ್ಣು ಫಲವತ್ತು ಅಲ್ವಾ ಅಂತ. ಪಕ್ಕದ ಸೈಟಿನ ಕಾಂಪೌಂಡ್ ಗೋಡೆ ಅಡ್ಡಡ್ಡ ಬಿರುಕು ಬಿಟ್ಟು ನಿಂತಿರುವುದು ನೋಡಿದ ಮೇಲೆ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ಮಣ್ಣು ಪರೀಕ್ಷೆ ನಿಜವಾಗಿ ಬೇಕಾ, ಅಥವಾ ಅದು ದೊಡ್ಡ ಕಟ್ಟಡಗಳಿಗೆ ಮಾತ್ರವಾ? ತಿಳಿದವರು ಹೇಳಿ.

---

ಪಾಯದಕೆಲಸ ಬರೆದದ್ದು:

ಪರೀಕ್ಷೆ ಬೇಕು. ಅದರಲ್ಲೂ ನಿಮ್ಮಂಥ ಸೈಟಿಗೆ ಬೇಕೇ ಬೇಕು. ಚಿಕ್ಕ ಮನೆ ಅಂತ ಬಿಡುವ ಹಾಗಿಲ್ಲ. ಎರೆಮಣ್ಣಿನಲ್ಲಿ ದೊಡ್ಡ ಕಟ್ಟಡಕ್ಕಿಂತ ಚಿಕ್ಕ ಮನೆಗೇ ಜಾಸ್ತಿ ತೊಂದರೆ. ಒಂದಂತಸ್ತಿನ ಮನೆಯ ಭಾರ ಕಡಿಮೆ. ಮಣ್ಣು ನೀರು ಕುಡಿದು ಉಬ್ಬುವಾಗ ಮೇಲಕ್ಕೆ ಒತ್ತುವ ಬಲ ಆ ಭಾರವನ್ನೂ ಮೀರಬಹುದು. ಕಾಂಪೌಂಡ್ ಗೋಡೆ ಇನ್ನೂ ಹಗುರ, ಪಾಯವೂ ಮೇಲೆ ಮೇಲೆ ಇರುತ್ತದೆ, ಅದಕ್ಕೇ ಎಲ್ಲಕ್ಕಿಂತ ಮೊದಲು ಅದು ಸೀಳುತ್ತದೆ. ಪಕ್ಕದವರ ಗೋಡೆ ನಿಮಗೆ ಬಿಟ್ಟಿಯಾಗಿ ಸಿಕ್ಕ ವರದಿ ಅಂದುಕೊಳ್ಳಿ.

ಈ ಮಣ್ಣು ಯಾಕೆ ಹೀಗೆ ಆಡುತ್ತದೆ ಅಂದರೆ, ಅದರಲ್ಲಿರುವ ಜೇಡಿಯ ಕಣ ಬೇರೆ ಜಾತಿಯದು. ಮಾಂಟ್‌ಮೊರಿಲೊನೈಟ್ ಅಂತ ಕರೆಯುತ್ತಾರೆ. ತೆಳ್ಳಗಿನ ಪದರಗಳ ನಡುವೆ ನೀರು ನುಗ್ಗುತ್ತದೆ, ಪದರಗಳು ದೂರ ಸರಿಯುತ್ತವೆ. ಒಂದು ಗ್ರಾಂ ಮಾಂಟ್‌ಮೊರಿಲೊನೈಟಿನ ಪದರಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 800 ಚದರ ಮೀಟರ್ ಆಗುತ್ತದೆ. ಕುಂಬಾರಿಕೆಗೆ ಬಳಸುವ ಬಿಳಿ ಜೇಡಿ, ಕೆಯೋಲಿನೈಟ್, ಅದು 10-20 ಚದರ ಮೀಟರ್ ಅಷ್ಟೇ. ಎರಡೂ ಜೇಡಿಯೇ, ಆದರೆ ಒಂದು ಮನೆ ಎತ್ತುತ್ತದೆ, ಇನ್ನೊಂದು ತೆಪ್ಪಗಿರುತ್ತದೆ. ಹಾಗಾಗಿ 'ಜೇಡಿಮಣ್ಣು ಇದೆ' ಅನ್ನುವ ಮಾತಿನಿಂದ ಏನೂ ತಿಳಿಯುವುದಿಲ್ಲ.

ನೀವೇ ಮಾಡಿ ನೋಡಬಹುದಾದ ಒಂದು ಪರೀಕ್ಷೆ ಇದೆ. ಮಣ್ಣನ್ನು ಒಣಗಿಸಿ, ಪುಡಿ ಮಾಡಿ, ನುಣ್ಣಗೆ ಜರಡಿ ಹಿಡಿಯಿರಿ. 100 ಮಿಲಿಲೀಟರ್ ಗುರುತಿನ ಎರಡು ಗಾಜಿನ ಜಾಡಿಗೆ ತಲಾ 10 ಗ್ರಾಂ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಚೆನ್ನಾಗಿ ಕಲಕಿ ಗುಳ್ಳೆ ಹೋಗಿಸಿ 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಸೀಮೆಎಣ್ಣೆಯ ಜಾಡಿಯಲ್ಲಿ ಮಣ್ಣು 10 ಮಿಲಿಲೀಟರ್ ಗೆರೆಯಲ್ಲಿದ್ದು ನೀರಿನದರಲ್ಲಿ 15ಕ್ಕೆ ಬಂದರೆ ಶೇಕಡಾ 50 ಉಬ್ಬಿದೆ ಅಂತ ಲೆಕ್ಕ. ಅಲ್ಲಿಂದ ಮೇಲೆ ಹೋದರೆ ಆ ಮಣ್ಣಿನ ಮೇಲೆ ಮಾಮೂಲಿ ಪಾಯ ಹಾಕುವ ಯೋಚನೆ ಬಿಡಿ. ಕೆಂಪು ಮಣ್ಣಿಗೂ ಇದೇ ಮಾಡಿ. ಪಕ್ಕಪಕ್ಕ ಇಟ್ಟು ನೋಡಿದರೆ ಯಾರೂ ವಿವರಿಸಬೇಕಾಗಿಲ್ಲ.

ಇನ್ನು ಐದು ಅಡಿ ಮಾತು. ಮಣ್ಣಿನ ತೇವ ಮಳೆಗಾಲ ಬೇಸಿಗೆಗೆ ತಕ್ಕಂತೆ ಎಷ್ಟು ಆಳದವರೆಗೆ ಬದಲಾಗುತ್ತದೋ ಅಷ್ಟು ಆಳದವರೆಗೂ ಅದು ಏರಿಳಿಯುತ್ತದೆ. ಕೆಲವು ಕಡೆ ಇದು 1.5 ಮೀಟರ್, ಒಣ ಹವೆ ಇರುವ ಕಡೆ 3.5 ಮೀಟರೂ ಆಗಬಹುದು. ಐದು ಅಡಿ ಅಂದರೆ ಸುಮಾರು 1.5 ಮೀಟರ್. ಅಂದರೆ ನಿಮ್ಮ ಪಾಯ ಸರಿಯಾಗಿ ಅಲುಗಾಡುವ ಮಣ್ಣಿನ ಮಧ್ಯದಲ್ಲೇ ಕೂತಿರಬಹುದು.

ಆದರೆ ನನಗೆ ಎರೆಗಿಂತ ಜಾಸ್ತಿ ಭಯ ಇರುವುದು ನಿಮ್ಮ 'ನಡುವೆ' ಅನ್ನುವ ಪದದ ಬಗ್ಗೆ. ಇಡೀ ಮನೆ ಒಂದೇ ಸಮ ಒಂದಿಂಚು ಕುಸಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಅರ್ಧ ಮನೆ ಗಟ್ಟಿ ಗರಸಿನ ಮೇಲೆ ಅಲ್ಲಾಡದೆ ನಿಂತು, ಉಳಿದರ್ಧ ಪ್ರತಿ ವರ್ಷ ಏಳುತ್ತಾ ಇಳಿಯುತ್ತಾ ಇದ್ದರೆ ಮನೆ ಸೀಳುವುದು ಆ ಗಡಿಯಲ್ಲೇ. 1956ರಲ್ಲಿ ಸ್ಕೆಂಪ್ಟನ್, ಮ್ಯಾಕ್‌ಡೊನಾಲ್ಡ್ ಅನ್ನುವ ಎಂಜಿನಿಯರುಗಳು ಹಲವು ಕಟ್ಟಡಗಳನ್ನು ನೋಡಿ ಒಂದು ಮಿತಿ ಕೊಟ್ಟರು. ಎರಡು ಪಿಲ್ಲರ್ ನಡುವಿನ ದೂರದ 300ನೇ ಒಂದು ಭಾಗದಷ್ಟು ಏರುಪೇರಾದರೆ ಗೋಡೆಯಲ್ಲಿ ಬಿರುಕು ಶುರು, 150ನೇ ಒಂದು ಭಾಗ ಆದರೆ ಕಟ್ಟಡದ ಚೌಕಟ್ಟಿಗೇ ಪೆಟ್ಟು. 6 ಮೀಟರ್ ದೂರದ ಪಿಲ್ಲರುಗಳಿಗೆ ಹಾಕಿ ನೋಡಿ, 20 ಮಿಲಿಮೀಟರ್ ಸಾಕು. ನಿಮ್ಮ ಕೈ ನುಂಗುವ ಬಿರುಕಿಗೆ ಅದೇನು ದೊಡ್ಡ ಲೆಕ್ಕವೇ ಅಲ್ಲ.

ಸಾಧ್ಯವಾದರೆ ಇಡೀ ಮನೆಯನ್ನು ಮೇಲಿನ ಕೆಂಪು ಮಣ್ಣಿಗೆ ಸರಿಸಿ. ಆಗದಿದ್ದರೆ ಎಲ್ಲ ಪಿಲ್ಲರೂ ಎರೆ ದಾಟಿ ಕೆಳಗಿನ ಗಟ್ಟಿ ಪದರಕ್ಕೇ ಹೋಗಬೇಕು. ಅಂಡರ್‌ರೀಮ್ಡ್ ಪೈಲ್ ಅಂತ ಬರುತ್ತದೆ, ನೆಲದೊಳಗೆ ಆಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ, ತುದಿಯಲ್ಲಿ ಗಡ್ಡೆ ಕಟ್ಟಿದಂತೆ ಅಗಲ ಇರುತ್ತದೆ, ಸಾಮಾನ್ಯವಾಗಿ ಕಾಂಡದ 2.5 ಪಟ್ಟು. ಮೇಲಿನ ಮಣ್ಣು ಎಷ್ಟೇ ಎಳೆದಾಡಿದರೂ ಕೆಳಗೆ ಬಿಗಿ ಹಿಡಿದಿರುತ್ತದೆ. ಪೈಲುಗಳನ್ನು ಜೋಡಿಸುವ ಬೀಮಿನ ಅಡಿಗೆ ಮಣ್ಣು ತಾಗದ ಹಾಗೆ ಜಾಗ ಬಿಡಬೇಕು. ಇದನ್ನು ಮರೆತರೆ ಉಬ್ಬಿದ ಮಣ್ಣು ಬೀಮನ್ನೇ ಮೇಲೆತ್ತುತ್ತದೆ, ಪೈಲಿಗೆ ಮಾಡಿದ ಖರ್ಚೆಲ್ಲ ನೀರಿಗೆ.

---

ಸೀದಾಮಾತು ಬರೆದದ್ದು:

ಇಷ್ಟೆಲ್ಲ ಹೆದರಿಸಬೇಡಿ ಮಾರಾಯ್ರೇ. ಎರೆ ನೆಲದ ಮೇಲೆ ತಲೆಮಾರುಗಳಿಂದ ಜನ ಮನೆ ಕಟ್ಟಿಕೊಂಡು ಬಂದಿದ್ದಾರೆ. ಪಾಯದ ಗುಂಡಿಯಿಂದ ಎರೆ ತೆಗೆದುಹಾಕಿ, ಮರಳು ತುಂಬಿ, ನೀರು ಹಾಕಿ ಕೂರಿಸಿದರೆ ಆಯ್ತು. ಎಷ್ಟೋ ಮನೆಗಳು ಹಾಗೇ ನಿಂತಿವೆ. ಪೈಲು ಗೀಲು ಅಂತ ಚಿಕ್ಕ ಮನೆಗೆ ಹೇಳುವುದು ಜಾಸ್ತಿಯಾಯಿತು. ಬೇಕಿದ್ದರೆ ಒಂದು ಪ್ಲೇಟ್ ಲೋಡ್ ಟೆಸ್ಟ್ (ನೆಲದ ಮೇಲೆ ಪ್ಲೇಟಿಟ್ಟು ಭಾರ ಹೇರಿ ಎಷ್ಟು ಇಳಿಯುತ್ತದೆ ಅಂತ ನೋಡುವುದು) ಮಾಡಿಸಿ, ಭಾರ ತಡೆಯುತ್ತದೆ ಅಂತ ಬಂದರೆ ಕಣ್ಣು ಮುಚ್ಚಿ ಕಟ್ಟಿ.

---

ಪಾಯದಕೆಲಸ ಬರೆದದ್ದು:

@ಸೀದಾಮಾತು, ಹಳೇ ಮನೆಗಳು ನಿಂತಿರುವುದು ನಿಜ. ಅವುಗಳ ಗೋಡೆ ಸುಣ್ಣದ ಗಾರೆಯದ್ದು ಅಥವಾ ಮಣ್ಣಿನದ್ದು, ಸ್ವಲ್ಪ ಬಾಗಿದರೂ ತಡೆದುಕೊಳ್ಳುತ್ತಿತ್ತು, ಬಿರುಕು ಬಂದರೆ ವರ್ಷಕ್ಕೊಮ್ಮೆ ಮೆತ್ತುತ್ತಿದ್ದರು. ಮನೆಯೊಳಗೆ ಪೈಪಿನ ನೀರೂ ಇರಲಿಲ್ಲ, ಗೋಡೆ ಪಕ್ಕ ದಿನಾ ನೀರು ಸುರಿಯುವವರೂ ಕಡಿಮೆ. ಸಿಮೆಂಟ್ ಗೋಡೆ, ಟೈಲ್ಸ್ ನೆಲ ಹಾಗೆ ಬಾಗುವುದಿಲ್ಲ, ಸೀಳುತ್ತದೆ.

ಮರಳು ತುಂಬುವ ವಿಚಾರ ಬೇರೆ. ಸುತ್ತ ನೀರು ಬಿಡದ ಎರೆ, ಒಳಗೆ ಮರಳು. ಮಳೆ ನೀರು ಮರಳಿನೊಳಗೆ ಸರಾಗ ಇಳಿಯುತ್ತದೆ, ಆಚೆ ಹೋಗಲು ದಾರಿಯಿಲ್ಲ. ಪಾಯದ ಬುಡದಲ್ಲೇ ತೊಟ್ಟಿ ಕಟ್ಟಿ ನೀರು ತುಂಬಿಟ್ಟ ಹಾಗೆ. ಅದೇ ನೀರು ನಿಧಾನಕ್ಕೆ ಎರೆಗೆ ಇಳಿದು ಉಬ್ಬಿಸುತ್ತದೆ. ತೆಗೆದ ಜಾಗಕ್ಕೆ ಹಾಕುವುದಾದರೆ ಉಬ್ಬದ, ಆದರೆ ನೀರನ್ನೂ ಸುಲಭಕ್ಕೆ ಬಿಡದ ಅಂಟು ಮಣ್ಣು ಬೇಕು. ಒಳ್ಳೆಯ ಗರಸು ಮಣ್ಣು ನಡೆಯುತ್ತದೆ. ಅದನ್ನೂ ಸುಮ್ನೆ ಸುರಿದರೆ ಆಗದು, 15-20 ಸೆಂಟಿಮೀಟರ್ ಪದರ ಪದರವಾಗಿ ಹದ ತೇವದಲ್ಲಿ ದಮ್ಮಸ್ಸು ಮಾಡಬೇಕು. ಸುಣ್ಣ ಬೆರೆಸಿ ಎರೆಯ ಸ್ವಭಾವ ತಗ್ಗಿಸುವುದೂ ಉಂಟು, ತೂಕದ ಶೇಕಡಾ 3ರಿಂದ 8ರಷ್ಟು. ಮಣ್ಣಿನಲ್ಲಿ ಸಲ್ಫೇಟ್ ಇದ್ದರೆ ಮಾತ್ರ ಸುಣ್ಣ ಹಾಕಬೇಡಿ. ಎರಡೂ ಸೇರಿ ಹೊಸ ಹರಳು ಬೆಳೆದು ಮೊದಲಿಗಿಂತ ಜಾಸ್ತಿ ಉಬ್ಬಿದ ಉದಾಹರಣೆಗಳಿವೆ.

ಪ್ಲೇಟ್ ಲೋಡ್ ಟೆಸ್ಟ್ ಬಗ್ಗೆ. 30 ಸೆಂಟಿಮೀಟರ್ ಅಗಲದ ಪ್ಲೇಟು ಒತ್ತಿದರೆ ಆ ಒತ್ತಡ ಮುಟ್ಟುವುದು ಸುಮಾರು 60 ಸೆಂಟಿಮೀಟರ್ ಆಳಕ್ಕೆ. ನಿಮ್ಮ ಮನೆ ಅದಕ್ಕಿಂತ ಬಹಳ ಆಳಕ್ಕೆ ಒತ್ತುತ್ತದೆ. ಕೆನಡಾದ ಟ್ರಾನ್ಸ್‌ಕೋನಾ ಅನ್ನುವ ಕಡೆ 1913ರಲ್ಲಿ ಹೊಸ ಧಾನ್ಯದ ಕಣಜವೊಂದು, ಇಡೀ ಕಾಂಕ್ರೀಟ್ ಕಟ್ಟಡ, ಧಾನ್ಯ ತುಂಬುತ್ತಿರುವಾಗಲೇ ಒಂದು ದಿನದೊಳಗೆ ಸುಮಾರು 27 ಡಿಗ್ರಿ ವಾಲಿತು. ಮೇಲಿನ ಜೇಡಿ ಗಟ್ಟಿಯಾಗಿತ್ತು. ಅದರ ಕೆಳಗೆ ಮೆತ್ತಗಿನ ಜೇಡಿ ಇತ್ತು. ಮೇಲಿನದನ್ನಷ್ಟೇ ಒತ್ತಿ ನೋಡಿದ್ದರು. ಕಣಜದ ಗೋಡೆಗಳಿಗೆ ಅಂಥ ಪೆಟ್ಟೇನೂ ಆಗದೆ, ಆಮೇಲೆ ಅದನ್ನೇ ನೇರ ಮಾಡಿ ನಿಲ್ಲಿಸಿದರು ಅನ್ನುವುದು ಬೇರೆ ಕಥೆ.

ಹಾಗಾಗಿ ಬೋರ್ ಹಾಕಿ ನೋಡಿಸಿ. ಮಾಮೂಲಿಯಾಗಿ ಮಾಡುವ ಎಸ್‌ಪಿಟಿ ಪರೀಕ್ಷೆಯಲ್ಲಿ 63.5 ಕಿಲೋ ಸುತ್ತಿಗೆಯನ್ನು ಸುಮಾರು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತಾರೆ, ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕು ಅಂತ ಎಣಿಸುತ್ತಾರೆ. ಆಳಕ್ಕೆ ಹೋದ ಹಾಗೆ ಎಣಿಕೆ ಏರಬೇಕು. ನಡುವೆ ಎಲ್ಲಾದರೂ ದಿಢೀರ್ ಇಳಿದರೆ ಅಲ್ಲಿ ಮೆತ್ತಗಿನ ಪದರ ಇದೆ ಅಂತ. ಉಬ್ಬುತ್ತದೋ ಇಲ್ಲವೋ ಅನ್ನುವುದು ಈ ಪೆಟ್ಟಿನ ಎಣಿಕೆಯಲ್ಲಿ ಕಾಣುವುದಿಲ್ಲ. ಒಣಗಿದ ಎರೆ ಕಲ್ಲಿನಂತಿರುತ್ತದೆ, ಎಣಿಕೆ ಚೆನ್ನಾಗಿಯೇ ಬರುತ್ತದೆ. ಉಬ್ಬುವ ಪರೀಕ್ಷೆಯನ್ನು ಬೇರೆಯಾಗಿ ಕೇಳಿ ಮಾಡಿಸಿ, ಕೇಳದಿದ್ದರೆ ಎಷ್ಟೋ ಕಡೆ ಮಾಡುವುದಿಲ್ಲ.

---

ನೀರುನಡೆ ಬರೆದದ್ದು:

ಪಾಯದ ಬಗ್ಗೆ ಮೇಲೆ ಸರಿಯಾಗಿ ಹೇಳಿದ್ದಾರೆ. ನಾನು ಇಂಗುಗುಂಡಿ ವಿಷಯ ಹೇಳುತ್ತೇನೆ, ಆದರೆ ಅದೂ ಕೊನೆಗೆ ಪಾಯದ ವಿಷಯವೇ. ಈ ಸೈಟಿನ ಮೂರೂ ಪ್ರಶ್ನೆ ನನಗೆ ಒಂದೇ ಆಗಿ ಕಾಣುತ್ತದೆ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ. ಮೇಸ್ತ್ರಿ, ಪ್ಲಂಬರ್, ತೋಟದವರು ಬೇರೆ ಬೇರೆ ಬಂದು ಬೇರೆ ಬೇರೆ ಜಾಗ ತೋರಿಸಿ ಹೋಗುತ್ತಾರೆ. ನೀರಿಗೆ ಆ ಗಡಿ ಗೊತ್ತಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ. ಸೆಪ್ಟಿಕ್ ಟ್ಯಾಂಕು ಕೊಳಕನ್ನು ಶುದ್ಧ ಮಾಡುತ್ತದೆ ಅಂತ ಜನ ಅಂದುಕೊಂಡಿದ್ದಾರೆ. ಅದು ಗಟ್ಟಿಯನ್ನು ಕೆಳಗೆ ಕೂರಿಸುತ್ತದೆ, ಜಿಡ್ಡನ್ನು ಮೇಲೆ ತೇಲಿಸುತ್ತದೆ, ಒಂದಷ್ಟನ್ನು ಕೊಳೆಸುತ್ತದೆ, ಅಷ್ಟೇ. ಆಚೆ ಬರುವ ನೀರಿನಲ್ಲಿ ರೋಗಾಣು ಧಾರಾಳ ಇರುತ್ತವೆ. ನಿಜವಾದ ಶುದ್ಧಿ ನಡೆಯುವುದು ಮಣ್ಣಿನಲ್ಲಿ. ಅದೂ ನೀರು ತುಂಬಿಕೊಂಡಿರದ, ಗಾಳಿಯಾಡುವ ಮಣ್ಣಿನಲ್ಲಿ. ಇಂಗುವ ಜಾಗದ ತಳದಿಂದ ಅಂತರ್ಜಲದವರೆಗೆ ಕನಿಷ್ಠ 60ರಿಂದ 120 ಸೆಂಟಿಮೀಟರ್ ಅಂಥ ಮಣ್ಣು ಬೇಕು ಅಂತ ಬೇರೆ ಬೇರೆ ನಿಯಮಗಳು ಕೇಳುತ್ತವೆ. ಬಾವಿಯಿಂದ ದೂರ ಕೆಲವು ನಿಯಮಗಳಲ್ಲಿ 15 ಮೀಟರ್, ಕೆಲವದರಲ್ಲಿ 30. ನಿಮ್ಮದು ಕುಡಿಯುವ ನೀರಿನ ಬಾವಿ, ಗರಸು ಬೇರೆ. 30ರ ಕಡೆಗೇ ಹೋಗಿ.

ಇಂಗುತ್ತದೋ ಇಲ್ಲವೋ ನೋಡುವುದು ಹೀಗೆ. ಇಂಗುವ ಕೊಳವೆ ಎಷ್ಟು ಆಳದಲ್ಲಿ ಬರುತ್ತದೋ ಅಷ್ಟು ಆಳಕ್ಕೆ, ಸುಮಾರು 30 ಸೆಂಟಿಮೀಟರ್ ಅಗಲದ ಗುಂಡಿ ತೆಗೆಯಿರಿ. ಗುದ್ದಲಿ ಸವರಿದ ಗೋಡೆ ನುಣ್ಣಗೆ ಹೊಳೆಯುತ್ತಿರುತ್ತದೆ, ಆ ಹೊಳಪು ಹೋಗುವ ಹಾಗೆ ಚಾಕುವಿನಿಂದ ಕೆರೆಯಿರಿ. ತಳಕ್ಕೆ 5 ಸೆಂಟಿಮೀಟರ್ ಜಲ್ಲಿ. ಆಮೇಲೆ ನೀರು ತುಂಬಿ ರಾತ್ರಿಯಿಡೀ ಕುಡಿಯಲು ಬಿಡಿ, ಇಳಿದರೆ ಮತ್ತೆ ತುಂಬಿ. ಇದೇ ಮುಖ್ಯ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆಗೆ ನೀರು ಹಾಕಿದರೆ ಗಟಗಟ ಕುಡಿಯುತ್ತದೆ, ನೋಡಿದವರು 'ಆಹಾ, ಚೆನ್ನಾಗಿ ಇಂಗುತ್ತೆ' ಅಂತ ಬರೆದುಕೊಟ್ಟು ಹೋಗುತ್ತಾರೆ. ಮರುದಿನ ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಅದೇ ಗುಂಡಿಯಲ್ಲಿ ನೀರು ಹಾಗೇ ನಿಂತಿರುತ್ತದೆ. ಮರುದಿನ ಜಲ್ಲಿಯ ಮೇಲೆ 15 ಸೆಂಟಿಮೀಟರ್ ನೀರು ನಿಲ್ಲಿಸಿ ಅರ್ಧ ಅರ್ಧ ಗಂಟೆಗೆ ಎಷ್ಟು ಇಳಿಯಿತು ಅಂತ ಅಳೆಯಿರಿ, ಪ್ರತಿ ಸಲವೂ ಮತ್ತೆ 15ಕ್ಕೆ ತುಂಬಿ. ಇಳಿತ ಒಂದೇ ಸಮ ಆದ ಮೇಲಿನ ಅಳತೆ ಲೆಕ್ಕಕ್ಕೆ. ಅರ್ಧ ಗಂಟೆಗೆ 12.5 ಮಿಲಿಮೀಟರ್ ಇಳಿದರೆ 25 ಮಿಲಿಮೀಟರಿಗೆ 60 ನಿಮಿಷ ಆಯಿತು. 60 ದಾಟಿದರೆ ಸಾಮಾನ್ಯವಾಗಿ ಅಲ್ಲಿ ನೆಲಕ್ಕೆ ಇಂಗಿಸುವುದು ಬೇಡ ಅಂತಲೇ ಲೆಕ್ಕ. ನಿಮ್ಮ ಎರೆ ದಾಟುತ್ತದೆ ಅಂತ ನನ್ನ ಊಹೆ.

ಮೇಲಿನ ಗರಸಿನಲ್ಲಿ ಉಲ್ಟಾ ತೊಂದರೆ ಇರಬಹುದು. ಸರ್ರನೆ ಇಳಿದರೆ ಮಣ್ಣಿಗೆ ಸೋಸಲು ಪುರುಸೊತ್ತೇ ಸಿಗುವುದಿಲ್ಲ, ಕೊಳಕು ಹಾಗೇ ಬಾವಿಗೆ. ಇನ್ನೊಂದು ಇದೆ, ಇದನ್ನು ಯಾರೂ ಹೇಳುವುದಿಲ್ಲ. ಮೇಲೆ ಇಂಗಿದ ನೀರು ಗರಸಿನೊಳಗೆ ಇಳಿಜಾರಿಗೆ ಹರಿದು ಬಂದು ಎರೆ ಶುರುವಾಗುವ ಗಡಿಯಲ್ಲಿ ತಡೆಯುತ್ತದೆ. ಎರೆ ಬಿಡುವುದಿಲ್ಲ, ನೀರು ಅಲ್ಲೇ ಜಿನುಗುತ್ತದೆ. ಮನೆಯ ಕೆಳ ಅಂಚು ಆ ಗಡಿಯ ಹತ್ತಿರ ಬಂದರೆ ನಿಮ್ಮ ಸ್ನಾನದ ನೀರು ನಿಮ್ಮ ಪಾಯದ ಅಡಿಗೇ ಬಂದು ಕೂರುತ್ತದೆ, ವರ್ಷಪೂರ್ತಿ, ಮನೆಯ ಒಂದೇ ಬದಿಗೆ. ಆ ಬದಿಯ ಎರೆ ಉಬ್ಬಿಕೊಂಡೇ ಇರುತ್ತದೆ, ಇನ್ನೊಂದು ಬದಿ ಬೇಸಿಗೆಗೆ ಕುಗ್ಗುತ್ತದೆ.

ಹಾಗಾಗಿ ಆಳದ ಇಂಗುಗುಂಡಿ ಬಿಟ್ಟುಬಿಡಿ. ಮನೆಯ ಮೇಲೂ ಅಲ್ಲ, ನೇರ ಕೆಳಗೂ ಅಲ್ಲ, ಒಂದು ಪಕ್ಕಕ್ಕೆ, ಕೆಂಪು ಮಣ್ಣು ಇನ್ನೂ ದಪ್ಪ ಇರುವ ಕಡೆ, ಇಳಿಜಾರಿಗೆ ಅಡ್ಡಲಾಗಿ ಉದ್ದನೆಯ, ಆಳ ಕಡಿಮೆ ಇರುವ ಕಾಲುವೆಗಳನ್ನು ಮಾಡಿ. ತೂತಿನ ಕೊಳವೆ, ಸುತ್ತ ಜಲ್ಲಿ. ಮೇಲಿನ ಮಣ್ಣಿನಲ್ಲೇ ಗಾಳಿ, ಜೀವಾಣು ಜಾಸ್ತಿ, ಅಲ್ಲೇ ಕೆಲಸ ಆಗುವುದು. ಜೆಸಿಬಿಯವರಿಗೆ ಮಣ್ಣು ಹಸಿ ಇರುವಾಗ ತೋಡಲು ಬಿಡಬೇಡಿ. ಬಕೆಟ್ಟು ಗೋಡೆಯನ್ನು ಒರೆಸಿ ಗಾಜಿನಂತೆ ಮಾಡುತ್ತದೆ, ಕಣ್ಣಿಗೆ ಅಚ್ಚುಕಟ್ಟಾಗಿ ಕಾಣುತ್ತದೆ, ನೀರು ಒಂದು ಹನಿ ಒಳಗೆ ಹೋಗುವುದಿಲ್ಲ.

ಉದ್ದ ಧಾರಾಳ ಇರಲಿ. ಶುರುವಿನಲ್ಲಿ ಚೆನ್ನಾಗಿ ಇಂಗಿದ ಜಾಗ ಆಮೇಲೆ ನಿಧಾನ ಆಗಿಯೇ ಆಗುತ್ತದೆ. ಜಲ್ಲಿ ಮತ್ತು ಮಣ್ಣು ಸೇರುವ ಕಡೆ ಕಪ್ಪಗೆ ಲೋಳೆಯಂಥ ಪದರ ಬೆಳೆಯುತ್ತದೆ. ಅದು ರೋಗಾಣುಗಳನ್ನು ಹಿಡಿಯುತ್ತದೆ, ಆ ಮಟ್ಟಿಗೆ ಒಳ್ಳೆಯದೇ, ಆದರೆ ನೀರನ್ನೂ ತಡೆಯುತ್ತದೆ. ಶುದ್ಧ ನೀರಿನ ಪರೀಕ್ಷೆಯಲ್ಲಿ ಬಂದ ವೇಗ ನಂಬಿ ಚಿಕ್ಕದಾಗಿ ಮಾಡಿಸಿದವರೇ ಕೆಲವು ವರ್ಷಕ್ಕೆ ಅಂಗಳದಲ್ಲಿ ವಾಸನೆ ಅಂತ ಬರುತ್ತಾರೆ.

---

ಹಸಿರುಹಿತ್ತಲು ಬರೆದದ್ದು:

ತೋಟದ ಮಾತು ನಾನು ಆಡುತ್ತೇನೆ. ಎರೆ ಫಲವತ್ತು ಅನ್ನುವುದು ನಿಜ, ಗೊಬ್ಬರದ ಅಂಶವನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ನೀರನ್ನೂ ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣು ತೇವ ಕಂಡರೂ ಗಿಡಕ್ಕೆ ಎಳೆದುಕೊಳ್ಳಲು ಸಿಗುವುದು ಅದರಲ್ಲಿ ಒಂದು ಪಾಲು ಮಾತ್ರ. ಮಳೆಗಾಲದಲ್ಲಿ ಬೇರಿಗೆ ಗಾಳಿಯಿಲ್ಲ, ಬೇಸಿಗೆಯಲ್ಲಿ ಬಿರುಕಿಗೆ ಸಿಕ್ಕಿ ಬೇರು ಹರಿಯುತ್ತದೆ.

ಇದಕ್ಕೆ ಮದ್ದು ಅಂತ ಮರಳು ಬೆರೆಸಲು ಹೇಳುವವರು ಸಿಗುತ್ತಾರೆ. ಬೇಡ. ಅರ್ಧಕ್ಕಿಂತ ಜಾಸ್ತಿ ಮರಳೇ ಆಗುವಷ್ಟು ಸುರಿಯದೆ ಗುಣ ಬದಲಾಗುವುದಿಲ್ಲ. ಕಡಿಮೆ ಹಾಕಿದರೆ ಜೇಡಿ ಮರಳಿನ ಸಂದಿಯೆಲ್ಲ ತುಂಬಿ ಒಣಗಿದಾಗ ಮೊದಲಿಗಿಂತ ಗಟ್ಟಿ. ಕಾಂಪೋಸ್ಟು, ಒಣ ಎಲೆ, ಹುಲ್ಲಿನ ಮುಚ್ಚಿಗೆ, ಇದನ್ನೇ ವರ್ಷ ವರ್ಷ ಹಾಕುತ್ತಾ ಹೋಗಿ. ಜಿಪ್ಸಂ ಎಲ್ಲ ಜೇಡಿಗೂ ಮದ್ದಲ್ಲ, ಸೋಡಿಯಂ ಜಾಸ್ತಿ ಇರುವ ಸವಳು ಮಣ್ಣಿಗೆ ಮಾತ್ರ. ಅಂದಹಾಗೆ ಮನೆಗೆ ನೀರು ಮೆದು ಮಾಡುವ ಉಪ್ಪಿನ ಯಂತ್ರ ಹಾಕುವವರಿದ್ದರೆ, ಅದರ ಉಪ್ಪುನೀರು ತೋಟಕ್ಕೂ ಬೇಡ, ಇಂಗುವ ಕಾಲುವೆಗೂ ಬೇಡ. ಸೋಡಿಯಂ ಜೇಡಿಯ ಕಣಗಳನ್ನು ಚದುರಿಸಿ ಮಣ್ಣಿನ ಸಂದಿ ಮುಚ್ಚಿಸುತ್ತದೆ.

ಅಗೆಯುವುದಕ್ಕೂ ಹದ ಇದೆ. ಒಂದು ಹಿಡಿ ಮಣ್ಣು ಉಂಡೆ ಮಾಡಿ ಹೆಬ್ಬೆರಳು ತೋರುಬೆರಳ ನಡುವೆ ಒತ್ತುತ್ತಾ ಪಟ್ಟಿ ಎಳೆಯಿರಿ. ಪಟ್ಟಿ 5 ಸೆಂಟಿಮೀಟರ್ ದಾಟಿಯೂ ತುಂಡಾಗದಿದ್ದರೆ ಅದು ಅಪ್ಪಟ ಜೇಡಿ, 2.5ಕ್ಕೇ ಮುರಿದರೆ ನೀವು ಅದೃಷ್ಟವಂತರು. ಉಂಡೆಯನ್ನು ಬೆರಳಲ್ಲಿ ತಿವಿದಾಗ ಪುಡಿಯಾಗಿ ಉದುರಿದರೆ ಅಗೆಯಬಹುದು, ಅಂಟಿಕೊಂಡು ಚಪ್ಪಟೆಯಾದರೆ ಕಾಯಿರಿ. ಹಸಿ ಎರೆಯನ್ನು ತುಳಿದು ಅಗೆದರೆ ಹೆಂಟೆ ಬಿಡಿಸಲು ಆ ವರ್ಷವೆಲ್ಲ ಬೇಕು.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ಎಲ್ಲಕ್ಕಿಂತ ಮುಖ್ಯ ಮಾತು: ಮನೆ ಕೆಲಸ ಶುರುವಾಗುವ ಮೊದಲೇ ಮೇಲ್ಮಣ್ಣು ಒಂದು ಗೇಣು ಎತ್ತಿ ಒಂದು ಕಡೆ ಗುಡ್ಡೆ ಹಾಕಿಸಿ, ಲಾರಿ ಹೋಗದ ಕಡೆ. ಪಾಯಕ್ಕೆ ಅದು ಕೆಟ್ಟದ್ದು, ಅದರಲ್ಲಿರುವ ಬೇರು ಎಲೆ ಕೊಳೆತು ಕುಸಿಯುತ್ತದೆ. ತೋಟಕ್ಕೆ ಅದೇ ಪ್ರಾಣ. ಹಾಗೆ ಮಾಡದಿದ್ದರೆ ಪಾಯದಿಂದ ತೆಗೆದ ಸತ್ತ ಕೆಳಮಣ್ಣು ಮೇಲೆ ಹರಡಿಕೊಳ್ಳುತ್ತದೆ, ಲಾರಿ ಓಡಾಡಿ ಅದು ಬಿಗಿಯುತ್ತದೆ, ಕಾಂಕ್ರೀಟ್ ತೊಳೆದ ನೀರು ಎಲ್ಲೆಂದರಲ್ಲಿ ಚೆಲ್ಲಿರುತ್ತದೆ. ಹಸಿ ಕಾಂಕ್ರೀಟಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7 ದಾಟಿದರೆ ಕ್ಷಾರ) 12-13. ಹೆಚ್ಚಿನ ತರಕಾರಿಗೆ ಬೇಕಾದ್ದು 6ರಿಂದ 7. ಆಮೇಲೆ ಗೋಡೆ ಪಕ್ಕದ ಗಿಡದ ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಕಬ್ಬಿಣ ಮಣ್ಣಿನಲ್ಲಿ ಇದ್ದರೂ ಗಿಡಕ್ಕೆ ಸಿಗುತ್ತಿಲ್ಲ ಅಂತ ಅರ್ಥ. ಜನ ಗೊಬ್ಬರ ಸುರಿಯುತ್ತಾರೆ, ಹಸಿರಾಗುವುದಿಲ್ಲ.

ಮರಗಳನ್ನು ಎರೆಯ ಕಡೆ ಮನೆಯಿಂದ ದೂರ ನೆಡಿ. ಮರ ಬೆಳೆದು ಎಷ್ಟು ಎತ್ತರ ಆಗುತ್ತದೋ ಅಷ್ಟು ದೂರ ಅನ್ನುವುದು ಒಂದು ಅಂದಾಜು. ಬೇರು ತೇವ ಹೀರಿದ ಕಡೆ ಮಣ್ಣು ಕುಗ್ಗಿ ಆ ಮೂಲೆ ಕುಸಿಯುತ್ತದೆ. ಹಳೇ ಮರ ಈಗಾಗಲೇ ಇದ್ದು ಮನೆಗೋಸ್ಕರ ಕಡಿದರೂ ಸುಖವಿಲ್ಲ, ಇಷ್ಟು ದಿನ ಒಣಗಿದ್ದ ಮಣ್ಣು ನಿಧಾನಕ್ಕೆ ನೀರು ಕುಡಿದು ವರ್ಷಗಟ್ಟಲೆ ಉಬ್ಬುತ್ತಿರುತ್ತದೆ. ಇಂಗುವ ಕಾಲುವೆಯ ಮೇಲೆ ಬರೀ ಹುಲ್ಲು ಬಿಡಿ. ಗಡ್ಡೆ ತರಕಾರಿ, ಸೊಪ್ಪು ಅಲ್ಲಿ ಖಂಡಿತ ಬೇಡ, ಕಾರು ನಿಲ್ಲಿಸುವುದೂ ಬೇಡ.

---

ಹೊಸಸೈಟು ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಲೊಂದು ಕೆಳಗೊಂದು ಗುಂಡಿ ತೆಗೆಸಿ ನೋಡಿದೆ. ಮೇಲಿನದರಲ್ಲಿ ಕೊನೆಯವರೆಗೂ ಕೆಂಪು ಗರಸೇ. ಕೆಳಗಿನದರಲ್ಲಿ ನಾಲ್ಕಡಿಗೆ ಹೋಗುವಷ್ಟರಲ್ಲಿ ಮಣ್ಣು ಬೂದು ಬಣ್ಣಕ್ಕೆ ತಿರುಗಿತು, ನಡುನಡುವೆ ತುಕ್ಕಿನ ಬಣ್ಣದ ಚುಕ್ಕೆ. ಗುಂಡಿ ಒಣಗಿಯೇ ಇದೆ, ನೀರೇನೂ ಇಲ್ಲ. ಬಿಳಿ ಸುಣ್ಣದ ಉಂಡೆಗಳೂ ಸಿಕ್ಕವು. ಜಾಡಿ ಪರೀಕ್ಷೆಯಲ್ಲಿ ಎರೆ ಸೀಮೆಎಣ್ಣೆಯ ಗೆರೆಗಿಂತ ಬಹಳ ಮೇಲೆ ನಿಂತಿದೆ, ಕೆಂಪು ಮಣ್ಣಿಗೆ ವ್ಯತ್ಯಾಸವೇ ಇಲ್ಲ. ಮನೆ ಮೇಲಕ್ಕೆ ಸರಿಸಲು ಒಪ್ಪಿದ್ದೇವೆ. ಗುತ್ತಿಗೆದಾರರು ಹೇಳುವುದು, ಮೇಲಿನ ದಿನ್ನೆ ಕಡಿದು ಅದೇ ಮಣ್ಣು ಕೆಳಗಿನ ಅಂಚಿಗೆ ತುಂಬಿ ಸಮತಟ್ಟು ಮಾಡಿದರೆ ಜಾಗ ಸಾಕಾಗುತ್ತದೆ ಅಂತ. ಹಾಗೆ ಮಾಡಬಹುದಾ?

---

ಪಾಯದಕೆಲಸ ಬರೆದದ್ದು:

ಕಡಿದು ತುಂಬಿದರೆ ಮತ್ತೆ ಎರಡು ಮಣ್ಣಿನ ಮೇಲೆ ಮನೆ ಆಯಿತಲ್ಲ! ಅರ್ಧ ಮೂಲ ನೆಲ, ಅರ್ಧ ತುಂಬಿದ ಮಣ್ಣು. ಅದೂ ಆ ತುಂಬಿದ್ದರ ಅಡಿಯಲ್ಲಿ ಎರೆ. ಎಷ್ಟೇ ದಮ್ಮಸ್ಸು ಮಾಡಿದರೂ ತುಂಬಿದ ಬದಿ ಸ್ವಲ್ಪವಾದರೂ ಕೂರುತ್ತದೆ. ಕಡಿಯಿರಿ, ತೊಂದರೆಯಿಲ್ಲ. ಆದರೆ ಮನೆಯ ಎಲ್ಲ ಫೂಟಿಂಗೂ ಕಡಿದು ತೆಗೆದ ಗಟ್ಟಿ ನೆಲದ ಮೇಲೇ ಇರಲಿ, ತುಂಬಿದ ಭಾಗಕ್ಕೆ ಅಂಗಳ, ಕಾರು ಇಷ್ಟೇ ಬರಲಿ. ಅಷ್ಟು ಅಗಲ ಸಿಗದಿದ್ದರೆ ಪ್ಲಾನ್ ಉದ್ದಕ್ಕೆ ಎಳೆಯಿರಿ, ಇಳಿಜಾರಿಗೆ ಅಡ್ಡಲಾಗಿ.

ಮನೆ ಹಿಂದಿನ ಕಡಿತದ ಬುಡದಲ್ಲಿ ಬಸಿಗಾಲುವೆ ಬೇಕು, ಮೇಲಿಂದ ಬರುವ ನೀರು ಪಾಯಕ್ಕೆ ತಾಗದೆ ಪಕ್ಕಕ್ಕೆ ಹೋಗಲಿ. ಸುತ್ತ ಮೊದಲ 3 ಮೀಟರ್ ನೆಲ ಮನೆಯಿಂದ ಆಚೆಗೆ 15 ಸೆಂಟಿಮೀಟರ್ ಇಳಿಯುವ ಹಾಗೆ ಮಾಡಿ. ಚಾವಣಿ ನೀರಿನ ಪೈಪು ಗೋಡೆ ಬುಡದಲ್ಲೇ ಕೊನೆಯಾಗುವುದು ಬೇಡ.

---

ನೀರುನಡೆ ಬರೆದದ್ದು:

ಬೂದು ಮಣ್ಣು, ತುಕ್ಕಿನ ಚುಕ್ಕೆ ಅಂದಿರಲ್ಲ, ಅದನ್ನು ಫೋಟೋ ತೆಗೆದಿಡಿ. ವರ್ಷದಲ್ಲಿ ಕೆಲವು ಕಾಲ ಅಲ್ಲಿಯವರೆಗೆ ನೀರು ನಿಲ್ಲುತ್ತದೆ ಅನ್ನುವುದಕ್ಕೆ ಅದೇ ಗುರುತು. ನೀರು ತುಂಬಿ ಗಾಳಿ ಇಲ್ಲದಾಗ ಮಣ್ಣಿನ ಕಬ್ಬಿಣ ಕರಗಿ ಹೋಗಿ ಬೂದು ಬಣ್ಣ ಉಳಿಯುತ್ತದೆ, ನೀರು ಇಳಿದಾಗ ಗಾಳಿ ಹೋದ ಕಡೆ ಮತ್ತೆ ತುಕ್ಕಾಗಿ ಕೂರುತ್ತದೆ. ಈಗ ಗುಂಡಿ ಒಣಗಿರುವುದಕ್ಕೆ ಬೆಲೆಯಿಲ್ಲ. ಪ್ಲಂಬರ್ ಹೇಳಿದ ಕೆಳಗಿನ ಮೂಲೆ ಇಲ್ಲಿಗೆ ಮುಗಿಯಿತು, ಅಲ್ಲಿ ಇಂಗುಗುಂಡಿ ತೋಡಿದರೆ ಮಳೆಗಾಲದಲ್ಲಿ ಕೊಳಕು ನೇರ ಅಂತರ್ಜಲಕ್ಕೆ.

ಟ್ಯಾಂಕನ್ನೂ ಆ ಕಡೆ ಇಡಬೇಡಿ. ಇಡಲೇಬೇಕಾದರೆ ಹೂಳು ತೆಗೆಸುವ ಕೆಲಸ ಬೇಸಿಗೆಯಲ್ಲೇ ಮಾಡಿಸಿ. ಸುತ್ತ ನೀರು ಏರಿರುವಾಗ ಟ್ಯಾಂಕು ಪೂರ್ತಿ ಖಾಲಿ ಮಾಡಿದರೆ ಅದು ಮೇಲಕ್ಕೆ ತೇಲಿ ಪೈಪು ಮುರಿಯುತ್ತದೆ, ಹಗುರ ಪ್ಲಾಸ್ಟಿಕ್ ಟ್ಯಾಂಕುಗಳಂತೂ ಇನ್ನೂ ಬೇಗ.

---

ಹಸಿರುಹಿತ್ತಲು ಬರೆದದ್ದು:

ಹಾಗಾದರೆ ಕೆಳಗಿನ ಎರೆ ಪೂರ್ತಿ ತೋಟಕ್ಕೆ ಉಳಿಯಿತು, ಒಳ್ಳೆಯದೇ ಆಯಿತು. ಎತ್ತರದ ಮಡಿ ಮಾಡಿ, 30 ಸೆಂಟಿಮೀಟರ್ ಆದರೂ ಎತ್ತರ ಇರಲಿ, ಮಡಿಗಳ ನಡುವೆ ಬಸಿಯಲು ಕಾಲುದಾರಿ. ಸುಣ್ಣದ ಉಂಡೆ ಸಿಕ್ಕಿದೆ ಅಂದರೆ ಪಿಎಚ್ 7 ದಾಟಿರುವ ಸಾಧ್ಯತೆ ಜಾಸ್ತಿ, ಆ ಮಣ್ಣಿಗೆ ಯಾರು ಹೇಳಿದರೂ ಬೂದಿ, ಸುಣ್ಣ ಹಾಕಬೇಡಿ. ನೀರು ನಿಲ್ಲುವ ಮಟ್ಟ ನಾಲ್ಕಡಿಯಲ್ಲೇ ಇರುವುದರಿಂದ ಆಳಕ್ಕೆ ಬೇರು ಬಿಡುವ ಹಣ್ಣಿನ ಮರಗಳನ್ನು ಗಡಿಯ ಹತ್ತಿರ, ಕೆಂಪು ಕಪ್ಪು ಬೆರೆತ ಕಡೆ ನೆಡಿ, ಆದರೆ ಇಂಗುವ ಕಾಲುವೆ ಮತ್ತು ಮನೆ ಎರಡರಿಂದಲೂ ದೂರ ನೋಡಿಕೊಂಡು. ಗರಸು ಮಣ್ಣು ಒಂದಷ್ಟು ಉಳಿದರೆ ತೋಟಕ್ಕೆ ಬೆರೆಸಬೇಡಿ, ಕಾಲುದಾರಿಗೆ ಹಾಕಿ.